ಬೋರಲು ಬೀಳದ ಹೆಣ

ಊಟದ ಹೊತ್ತಿಗಾಗಲೇ ಶಿವಲಿಂಗವ್ವನಿಗೆ ಸತ್ತು ಸತ್ತು ಸಾಕಾಗಿತ್ತು.

ಬೆಳಿಗ್ಗೆ ಇಂಗ್ಲಿಷ್ ಸಿಪಾಯಿಯಾಗಿ ಸತ್ತಳು. ಸೀರೆಯ ಮೇಲೆಯೇ ಏರಿಸಿದ ಪ್ಯಾಂಟು, ಕೆಂಪು ಕೋಟು, ಅಂಟು ಹಚ್ಚಿ ಒತ್ತಿದ ಮೀಸೆ. ಸಿಪಾಯಿಗಳಿಗೆ ಗಂಡಸರು ಸಾಲಲಿಲ್ಲ. ಬೀಡಿ ಊರಿನ ಕೇರಿಯ ಗಂಡಸರು ಅರ್ಧಕ್ಕರ್ಧ ಕಬ್ಬು ಕಡಿಯಲು ಹೋಗಿದ್ದರು. ಹಾಗಾಗಿ ಹೆಂಗಸರಿಗೆ ಮೀಸೆ ಬಂತು. ಆಮೇಲೆ ಕೋಟು, ಪ್ಯಾಂಟು ಬಿಚ್ಚಿಸಿ, ತಲೆಗೆ ರುಮಾಲು ಸುತ್ತಿಸಿ, ಅವಳನ್ನು ನಮ್ಮ ಕಡೆಯ ಬಂಟನನ್ನಾಗಿ ಮಾಡಿದರು. ಆಗಲೂ ಸತ್ತಳು. ಯಾವ ಕಡೆ ನಿಂತರೂ ಸಾಯುವುದು ತಪ್ಪಲಿಲ್ಲ.

ಸಾಯುವುದು ಹಗುರ ಕೆಲಸವಲ್ಲ. ಓಡಿ ಬರಬೇಕು. ಕಲ್ಲುನೆಲದ ಮೇಲೆ ದೊಪ್ಪನೆ ಬೀಳಬೇಕು. ಬಿದ್ದ ಮೇಲೆ ಮೊಣಕೈ ತರಚಿದರೂ ಅಯ್ಯೋ ಅನ್ನಬಾರದು. ಮೈಗೆ ಬಳಿದ ರಕ್ತ ಬೆಲ್ಲದ ಪಾಕಕ್ಕೆ ಕುಂಕುಮ ಕಲಸಿದ್ದು. ಬೆಲ್ಲ ಅಂದಮೇಲೆ ಇರುವೆಗಳಿಗೆ ಬೇರೆ ಆಮಂತ್ರಣ ಬೇಕೆ? ಸಾಲುಗಟ್ಟಿ ಬಂದವು. ಕುತ್ತಿಗೆಯಿಂದ ಹತ್ತಿ ಕುಪ್ಪಸದೊಳಗೆ ಇಳಿದವು. ಹೆಣ ತುರಿಸಿಕೊಳ್ಳುವಂತಿಲ್ಲ.

"ಏ, ಹೆಣಾ ಉಸರಾಡಾಕತ್ತೈತಿ!" ನಿರ್ದೇಶಕ ತ್ರ್ಯಂಬಕ ಭೋಂಗಾ ಹಿಡಿದು ಕೂಗುತ್ತಿದ್ದ. "ಆ ಹಸರ ಸೀರಿ ಹೆಣಾ! ಹೊಟ್ಟಿ ಒಳಗ ಎಳಕೋ!"

"ಇನ್ನ ಎಳಕೊಂಡ್ರ ಸತ್ತ ಹೋಗ್ತೀನ್ರಿ ಸಾಹೇಬ್ರ," ಶಿವಲಿಂಗವ್ವ ನೆಲಕ್ಕೆ ಮುಖ ಒತ್ತಿಕೊಂಡೇ ಹೇಳಿದಳು.

"ಸಾಯಾಕನ ಬಂದೀಯಲ್ಲ!"

ಪಕ್ಕದ ಹೆಣ ಕಿಸಕ್ಕನೆ ನಕ್ಕಿತು. ಅದು ಉಳವಪ್ಪ. ಕೇರಿಯಲ್ಲಿ ಅವಳ ಮಗ್ಗುಲ ಮನೆಯವನು. ಸುತ್ತಲ ಹಳ್ಳಿಗಳಲ್ಲಿ ಯಾರು ಸತ್ತರೂ ಮುಂದೆ ಹಲಗಿ ಬಾರಿಸುವವನು. ಹೆಣ ನಕ್ಕಿದ್ದಕ್ಕೆ ಮತ್ತೆ ಎಲ್ಲರೂ ಎದ್ದು, ಮತ್ತೆ ಓಡಿ ಬಂದು, ಮತ್ತೆ ಬೀಳಬೇಕಾಯಿತು.

ಚಿತ್ರೀಕರಣ ನಡೆದಿದ್ದದ್ದು 'ನೋಡಲೇಬೇಕಾದ ಚರಿತ್ರೆ' ಎಂಬ ಸಾಕ್ಷ್ಯಚಿತ್ರ ಸರಣಿಯದ್ದು. ಬೆಳಗಾವಿಯ ತ್ರ್ಯಂಬಕ ಮೊದಲು ಬಂಗಾರದ ಅಂಗಡಿಗಳ ಜಾಹೀರಾತು ತೆಗೆಯುತ್ತಿದ್ದ. ಈಗ ಚರಿತ್ರೆ ತೆಗೆಯುತ್ತಾನೆ. ನಂದಗಡ, ಬೀಡಿಯ ಸೀಮೆಯಲ್ಲಿ ಇಂಗ್ಲಿಷರ ಮೇಲೆ ಜನ ಬಂಡೆದ್ದದ್ದು ಈ ಸಲದ ಕಂತು. ಬಂಡಾಯ ಅಂದರೆ ಅವನಿಗೆ ಎಲ್ಲಿಲ್ಲದ ಅಭಿಮಾನ. ಅಂಗಿಯ ಬೆನ್ನಿನ ಮೇಲೆ 'ಬಂಡಾಯ' ಎಂದೇ ಅಚ್ಚು ಹಾಕಿಸಿಕೊಂಡಿದ್ದ.

ಶಿವಲಿಂಗವ್ವ ಈ ಸರಣಿಗೆ ಹೊಸಬಳಲ್ಲ. ಹಿಂದಿನ ಕಂತು ಬೆಳಗಾವಿ ಕೋಟೆಯದು. ಗೋಡೆ ಕಟ್ಟುವ ಕೂಲಿಯವರು ಬೇಕೆಂದು ಆಗಲೂ ಈ ಕೇರಿಯವರನ್ನೇ ಕರೆಸಿದ್ದರು. ಥರ್ಮಾಕೋಲಿನ ಕಲ್ಲು ಕೊಡಬಹುದಿತ್ತು. ಖರೇ ಬೆವರು ಬೇಕು ಎಂದು ತ್ರ್ಯಂಬಕ ಖರೇ ಕಲ್ಲು ಹೊರಿಸಿದ. ತಲೆಗೆ ಬಟ್ಟೆಯ ಸಿಂಬಿ ಕೊಡಲಿಲ್ಲ, ಆ ಕಾಲದಲ್ಲಿ ಸಿಂಬಿ ಇತ್ತೋ ಇಲ್ಲವೋ ತಿಳಿಯದು ಎಂದ. ಅವಳ ನೆತ್ತಿ ಸುಲಿದಿತ್ತು. ಆದರೂ ಊರಿಗೆ ಬಂದು ಕಂಡಕಂಡವರಿಗೆ ಹೇಳಿದಳು: ಟಿವಿಯಾಗ ಬರ್ತೀನಿ, ತಪ್ಪದ ನೋಡ್ರಿ.

ಕೇರಿಗೆ ಕೇರಿಯೇ ಉಳವಪ್ಪನ ಮನೆಯ ಟಿವಿ ಮುಂದೆ ಕೂತಿತು. ಕೋಟೆ ಬಂತು. ಕಂದಕ ಬಂತು. ಕಮಲ ಬಸದಿ ಬಂತು. ಬಸದಿಯ ಮೇಲಿನ ಪಾರಿವಾಳ ಬಹಳ ಹೊತ್ತು ಬಂತು. "ಈ ಭವ್ಯ ಗೋಡೆಗಳನ್ನು ಅರಸರು ಕಟ್ಟಿದರು" ಎಂದು ಗಡಸು ಧ್ವನಿಯೊಂದು ಹೇಳುವಾಗ ಒಂದು ಹಿಮ್ಮಡಿ ಬಂದು ಹೋಯಿತು. ಒಡೆದ ಹಿಮ್ಮಡಿ. ಅಷ್ಟೇ. ಕಂತು ಮುಗಿಯಿತು.

"ಅಯ್ಯ, ಅದು ನಮ್ಮ ಶಿವಲಿಂಗಕ್ಕಂದ!" ಎಂದು ಕೇರಿಯ ಪ್ರಮಿಳಾ ಚಪ್ಪಾಳೆ ಹೊಡೆದಳು. ಅಂದಿನಿಂದ ನೀರಿಗೆ ಹೋದರೆ, ಸಂತೆಗೆ ಹೋದರೆ ಒಂದೇ ಮಾತು. ಹಿಮ್ಮಡಿ ಬಂತು ನೋಡ್ರೆ. ಹಿಮ್ಮಡಿ, ನಿನ್ನ ಸಹಿ ಕೊಡ ಬೇ.

ಅವಳೂ ನಗುತ್ತಿದ್ದಳು. ಮನೆಗೆ ಬಂದ ಮೇಲೆ ನಗು ಬರುತ್ತಿರಲಿಲ್ಲ. ಅವಳ ಅವ್ವನದೂ ಒಂದು ಫೋಟೋ ಇಲ್ಲ. ಸತ್ತ ಗಂಡನದು ಇರುವುದು ರೇಷನ್ ಕಾರ್ಡಿನ ಮೇಲೆ, ಅದೂ ಮಸಿ ಬಳಿದಂತೆ. ಇಷ್ಟು ವರ್ಷ ಹೊತ್ತವರು, ಅಗೆದವರು, ಸತ್ತವರು. ಒಬ್ಬರ ಮುಖವೂ ಎಲ್ಲಿಯೂ ಉಳಿದಿಲ್ಲ. ಈ ಸಲ ಅವಳು ಬಂದದ್ದು ಅದೊಂದಕ್ಕೇ. ಮುಖ ಬರಬೇಕು. ಒಂದು ಗಳಿಗೆ ಬಂದರೂ ಸಾಕು.

ಅದನ್ನು ಅವಳು ನಿಖತಳಿಗೆ ಬೆಳಿಗ್ಗೆಯೇ ಹೇಳಿದ್ದಳು. ನಿಖತ ಬೆಳಗಾವಿಯ ಹುಡುಗಿ. ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಈ ಚಿತ್ರದ ಸಂಶೋಧನೆಗೆ ಸೇರಿದ್ದಳು. ಸೇರಿದ ಮೇಲೆ ಗೊತ್ತಾಯಿತು, ಸಂಶೋಧನೆ ಅಂದರೆ ಕ್ಯಾಮೆರಾದ ಮೇಲೆ ಕೊಡೆ ಹಿಡಿಯುವುದು.

"ಈ ಸಲ ನನ್ನ ಮಾರಿ ಬರತೈತೇನವಾ?"

"ನಾ ಹೇಳಿ ನೋಡ್ತೀನಿ, ಮಾವಶಿ," ಎಂದಿದ್ದಳು ನಿಖತ, ಅತ್ತಿತ್ತ ನೋಡಿ. ಆ ಹುಡುಗಿ ಯಾವ ಮಾತು ಆಡುವ ಮೊದಲೂ ಅತ್ತಿತ್ತ ನೋಡುತ್ತಿದ್ದಳು.

ಊಟದ ಗಂಟೆ ಬಾರಿಸಿತು. ದೊಡ್ಡ ಪೆಂಡಾಲಿನಲ್ಲಿ ಮೇಜು, ಕುರ್ಚಿ, ಫ್ಯಾನು. ಹೆಣಗಳು ಅತ್ತ ಹೊರಟವು. ಈರಯ್ಯ ಬಾಗಿಲಿಗೆ ಕೋಲು ಅಡ್ಡ ಹಿಡಿದ. ಊರಿನ ಮೇಲೋಣಿಯ ಹಿರಿಯ ಈರಯ್ಯ. ಶೂಟಿಂಗಿಗೆ ಹೊಲ ಕೊಟ್ಟವನು, ಜನರನ್ನು ಕೂಡಿಸಿದವನು. ಯಾರಿಗೆ ಯಾವ ಪಾತ್ರ ಎಂದು ವಿಂಗಡಿಸಿದವನೂ ಅವನೇ. ಮೇಲೋಣಿಯವರಿಗೆ ಕತ್ತಿ, ದೀವಟಿಗೆ, ಜಯಘೋಷ. ಕೇರಿಯವರಿಗೆ ಸಾವು.

"ಸತ್ತವ್ರು ಅಲ್ಲಿ, ಜಾಲಿಗಿಡದ ಕೆಳಗ," ಎಂದ.

"ಅಲ್ಲಿ ನೆಳ್ಳ ಎಲ್ಲೈತ್ರಿ ಅಜ್ಜಾರ?"

"ಸತ್ತವ್ರಿಗೆ ನೆಳ್ಳ ಯಾಕ? ಮೈಯಾಗಿನ ರಕ್ತ ಕುರ್ಚಿಗೆ ಹತ್ತತೈತಿ."

ಒಳಗೆ ನಾಯಕ ಮಯೂರ ಫ್ಯಾನಿನ ಬುಡದಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದ. ಬೆಳಗಾವಿಯಲ್ಲಿ ಜಿಮ್ ನಡೆಸುವವನು. ತೋಳು ನೋಡಿ ಆರಿಸಿದ್ದರು. ಅವನ ಮೈತುಂಬ ಅದೇ ಬೆಲ್ಲದ ರಕ್ತ ಇತ್ತು. ಕುರ್ಚಿಗೆ ಹತ್ತುತ್ತಿತ್ತು ಕೂಡ.

"ಅವ್ರದು ಹತ್ತಂಗಿಲ್ಲೇನ್ರಿ?"

"ಅದು ಹೀರೋನ ರಕ್ತ, ಶಿವಲಿಂಗಿ. ಬಾಯಿ ಭಾಳ ಆತು ನಿಂದು."

ನೀರು ಕೇಳಿದರು. ಈರಯ್ಯ ಒಬ್ಬನನ್ನು ಕೊಡ ಕೊಟ್ಟು ಕಳಿಸಿದ. ಅವನು ಎತ್ತರದಿಂದ ಸುರಿದ, ಇವರು ಬೊಗಸೆಯೊಡ್ಡಿ ಕುಡಿದರು. ಲೋಟ ಕೊಟ್ಟರೆ ಡ್ರೆಸ್ಸಿಗೆ ಚೆಲ್ಲಿಕೊಳ್ಳುತ್ತೀರಿ ಎಂದ. ಬೊಗಸೆಯ ನೀರು ಮೊಣಕೈಯಿಂದಿಳಿದು ಡ್ರೆಸ್ಸಿನ ಮೇಲೆಯೇ ಬಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನೀರು ಯಾಕೆ ಎತ್ತರದಿಂದ ಬೀಳುತ್ತದೆ ಎಂಬುದು ಸುರಿಯುವವನಿಗೂ ಗೊತ್ತಿತ್ತು, ಕುಡಿಯುವವರಿಗೂ ಗೊತ್ತಿತ್ತು.

ಜಾಲಿಯ ಕೆಳಗೆ ಬಾಬಾಜಾನನೂ ಬಂದು ಕೂತ. ನಿಖತಳ ಚಾಚಾ. ಬೆಳಗಾವಿಯಿಂದ ಡ್ರೆಸ್ಸಿನ ಪೆಟ್ಟಿಗೆ ಹೇರಿಕೊಂಡು ಬಂದ ಟೆಂಪೋದ ಡ್ರೈವರ್. ಒಂದು ಹೆಣ ಕಡಿಮೆ ಬಿದ್ದದ್ದಕ್ಕೆ ಅವನನ್ನೂ ಮಲಗಿಸಿದ್ದರು.

"ನನಗ ಇದು ಪ್ರಮೋಷನ್, ಅಕ್ಕಾ," ಎಂದ ಅವನು ಬುತ್ತಿ ಬಿಚ್ಚುತ್ತ. "ಕ್ವಾಟಿ ಕಂತಿನ್ಯಾಗ ಏನ್ ಕೊಟ್ಟಿದ್ರು ಗೊತ್ತೈತೇನು? ಗಡ್ಡಾ ನೋಡಿದ್ರು, ಜಾಸೂಸ ಮಾಡಿದ್ರು. ನಮ್ಮ ಅಜ್ಜ, ಮುತ್ತಜ್ಜ ಎಲ್ಲಾ ಆ ಕ್ವಾಟಿ ಬಾಜೂಕನ ಹುಟ್ಟಿ ಸತ್ತಾರ. ನಾನು ಅದರ ಬಾಗಲಾ ತೆಗದು ದುಷ್ಮನ್‌ನ ಒಳಗ ಬಿಟ್ಟೆ. ನಮ್ಮ ಹೆಂಡ್ತಿ ಟಿವಿ ನೋಡಿ ಎರಡ ದಿನಾ ಚಾ ಕೊಡಲಿಲ್ಲ."

"ಹೆಣಾ ಆಗೂದ ಚಲೋ ಬಿಡಪಾ," ಎಂದ ಉಳವಪ್ಪ. "ಮರ್ಯಾದಿ ಐತಿ."

"ಎಲ್ಲೈತಿ ಮರ್ಯಾದಿ?" ಶಿವಲಿಂಗವ್ವ ಕುತ್ತಿಗೆಯಿಂದ ಇರುವೆ ಕಿತ್ತು ಒಗೆದಳು. "ಬೆಳಗಿಂದ ಇಂಗ್ಲಿಷರ ಕಡೆ ಮಣ್ಣ ಎಷ್ಟ ರುಚಿ ಐತಿ, ನಮ್ಮ ಕಡೆ ಮಣ್ಣ ಎಷ್ಟ ರುಚಿ ಐತಿ, ಎಲ್ಲಾ ತಿಳೀತ ನನಗ."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೊನೆಯ ದೃಶ್ಯ. ಕಾಳಗ ಮುಗಿದಿದೆ. ಬಯಲ ತುಂಬ ಸತ್ತ ಬಂಟರು. ಸೂರ್ಯ ಮುಳುಗುತ್ತಿದ್ದಾನೆ. ನಾಯಕ ಒಬ್ಬನೇ ಹೆಣಗಳ ನಡುವೆ ನಡೆದು ಬಂದು ಆಕಾಶ ನೋಡುತ್ತಾನೆ. ಬಾಡಿಗೆ ಕುದುರೆ ಹೊತ್ತು ಮುಳುಗುವುದರೊಳಗೆ ಬೆಳಗಾವಿಗೆ ಹೊರಡಬೇಕು. ಸೂರ್ಯನೂ ಯಾರಿಗೂ ಕಾಯುವವನಲ್ಲ. ಒಂದೇ ಸಲಕ್ಕೆ ಆಗಬೇಕು ಎಂದು ತ್ರ್ಯಂಬಕ ಎಲ್ಲರಿಗೂ ತಾಕೀತು ಮಾಡಿದ.

"ಎಲ್ಲಾರೂ ಬೋರಲ ಬೀಳ್ರಿ. ಒಬ್ಬರದೂ ಮಾರಿ ಕಾಣಬಾರ್ದು."

ನಿಖತ ಕೊಡೆ ಹಿಡಿದುಕೊಂಡೇ ಹತ್ತಿರ ಹೋದಳು. "ಸರ್, ಕೆಲವರು ಅಂಗಾತ ಬಿದ್ರೂ ನಡೀತೈತೇನೋ. ಖರೇ ಕಾಳಗದಾಗ ಎಲ್ಲಾರೂ ಬೋರಲನ ಬೀಳಂಗಿಲ್ಲ."

"ಅರೆ, ಮಾರಿ ಕಂಡ್ರ ಜನಾ ಅವರನ್ನ ನೋಡ್ತಾರ. ಹೀರೋನ ಯಾರು ನೋಡ್ಬೇಕು?"

"ನಂದೊಬ್ಬಾಕಿದು, ಸಾಹೇಬ್ರ," ಎಂದಳು ಶಿವಲಿಂಗವ್ವ. "ಮೂಲ್ಯಾಗ ಬೀಳ್ತೀನಿ. ಯಾರಿಗೂ ತ್ರಾಸ ಕೊಡಂಗಿಲ್ಲ."

ಈರಯ್ಯ ನಕ್ಕ. "ನಿನ್ನ ಮಾರಿ ನೋಡಿ ಯಾರ ಏನ್ ಮಾಡೂದೈತಿ? ಬೀಳ, ಬೀಳ."

ಬಿದ್ದಳು. ಬಿದ್ದ ಜಾಗದಲ್ಲಿ ಎಮ್ಮೆ ಸೆಗಣಿ ಹಾಕಿ ಹೋಗಿತ್ತು. ಒಣಗಿತ್ತು, ಪೂರಾ ಒಣಗಿರಲಿಲ್ಲ. ಇರುವೆಗಳು ಹಳೆಯ ಪರಿಚಯದ ಮೇಲೆ ಬಂದವು.

ಮಯೂರ ನಡೆದು ಬಂದ. ಕಾಲಲ್ಲಿ ದಪ್ಪ ಅಟ್ಟೆಯ ಜೋಡು. ಬೆರಳಿನ ಮೇಲೆ ತುಳಿದ. ಶಿವಲಿಂಗವ್ವ ಹಲ್ಲು ಕಚ್ಚಿದಳು.

"ನಿಲ್ಲು ಅಲ್ಲೇ!" ತ್ರ್ಯಂಬಕನಿಗೆ ಏನೋ ಹೊಳೆಯಿತು. "ಮಯೂರ, ಒಂದ ಕಾಲ ಆ ಹೆಣದ ಬೆನ್ನ ಮ್ಯಾಲ ಇಡು. ಕೈ ಸೊಂಟಕ್ಕ. ಹಾಂ! ಭಾರೀ ಕಾಣತೈತಿ."

ನಿಖತ ಗಾಬರಿಯಾದಳು. "ಸರ್, ಅದು ನಮ್ಮ ಕಡೀ ಹೆಣಾ. ನಮ್ಮವರ ಮ್ಯಾಲೆ ನಮ್ಮ ನಾಯಕ ಕಾಲ ಇಡಬಾರ್ದಲ್ಲ?"

"ಬೋರಲ ಬಿದ್ದೋರು ಯಾ ಕಡೆಯವ್ರು ಅಂತ ಯಾರಿಗೆ ತಿಳೀತೈತಿ?" ಎಂದ ತ್ರ್ಯಂಬಕ.

ಆ ಮಾತು ಶಿವಲಿಂಗವ್ವನ ಕಿವಿಗೆ ಬಿತ್ತು. ಜೋಡು ಬೆನ್ನ ಮೇಲೆ ಬಿತ್ತು. ಯಾವುದು ಮೊದಲು ಬಿತ್ತೋ ಅವಳಿಗೆ ಆಮೇಲೆ ನೆನಪಿರಲಿಲ್ಲ. ನೆನಪಿದ್ದದ್ದು ಇಷ್ಟೇ: ಅವಳು ಎದ್ದು ಕೂತಳು.

ಮಯೂರ ಒಂದೇ ಕಾಲಲ್ಲಿ ನಾಲ್ಕು ಸಲ ಕುಪ್ಪಳಿಸಿ ಉಳವಪ್ಪನ ಮೇಲೆ ಬಿದ್ದ. ಉಳವಪ್ಪ, "ಎಪ್ಪಾ, ಜೀವಾ ಹೋತೋ!" ಅಂದ. ಆ ಹೊತ್ತಿನವರೆಗಿನ ಸಾವುಗಳಲ್ಲಿ ಅದೊಂದೇ ಖರೇ ಅನ್ನಿಸುವಂತಿತ್ತು.

"ಕಟ್! ಕಟ್! ಏ, ಹೆಣಾ ಯಾಕ ಎದ್ದೈತಿ?"

ಶಿವಲಿಂಗವ್ವ ಚಕ್ಕಳಮಕ್ಕಳ ಹಾಕಿದಳು. ಬೆನ್ನು ನೆಟ್ಟಗೆ ಮಾಡಿದಳು. ಕೈಗಳನ್ನು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದಳು.

"ಎದ್ದಿಲ್ರಿ ಸಾಹೇಬ್ರ. ಸತ್ತೀನಿ. ನಮ್ಮಾಗ ಸತ್ತೋರು ಮಲಗಂಗಿಲ್ಲ. ಕುಂದರ್ತಾರ."

ಅದು ಸುಳ್ಳಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಸೀಮೆಯಲ್ಲಿ ಮನೆಯವರು ಸತ್ತರೆ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮುಖ ತೊಳೆದು, ವಿಭೂತಿ ಹಚ್ಚಿ, ಹಾರ ಹಾಕುತ್ತಾರೆ. ಬಂದವರೆಲ್ಲ ಮುಖ ನೋಡಿ ಹೋಗುತ್ತಾರೆ. ಕುಣಿಯೊಳಗೂ ಕೂತೇ ಇಳಿಯಬೇಕು. ಈರಯ್ಯನ ಅಪ್ಪನೂ ಕೂತೇ ಹೋದವನು.

"ಇದು ಯುದ್ಧಭೂಮಿ! ಇಲ್ಲಿ ಯಾರ ಕುಂದ್ರಸ್ತಾರ ನಿನ್ನ?"

"ಯಾರೂ ಕುಂದ್ರಸಲಿಲ್ಲ. ಅದಕ್ಕ ನಾನ ಕುಂತೆ."

"ಹೆಣಾ ಮಾತಾಡಬಾರ್ದು!"

"ಮೊದಲ ಹೆಣದ ಕೂಡ ಮಾತಾಡೂದ ನೀವು ಬಿಡ್ರಿ."

ಉಳವಪ್ಪ ಮಯೂರನನ್ನು ಮೈಮೇಲಿಂದ ಸರಿಸಿ ತಾನೂ ಎದ್ದು ಕೂತ. "ಸತ್ತೋರ ಮುಂದ ಹಲಗಿ ಬಾರಿಸಬೇಕಾಗಿತ್ತು," ಎಂದ ಕಣ್ಣು ಮುಚ್ಚಿ. "ಆದ್ರ ಹಲಗಿಯಾವನೂ ಸತ್ತಾನ. ಏನ್ ಮಾಡೂದು?" ಅವನ ಹಿಂದೆ ಪ್ರಮಿಳಾ ಕೂತಳು. ಅವಳ ಮಗ್ಗುಲಿನವಳು ಕೂತಳು. ಒಂದೊಂದೇ ತಲೆ ಮೇಲೆದ್ದಿತು. ಬಯಲ ತುಂಬ ರುಮಾಲು ಸುತ್ತಿದ ಹೆಣಗಳು ಊಟಕ್ಕೆ ಕೂತ ಪಂಕ್ತಿಯಂತೆ ನೆಟ್ಟಗೆ ಕೂತವು.

ಬಾಬಾಜಾನ ಒಬ್ಬ ಮಲಗಿಯೇ ಇದ್ದ. ತ್ರ್ಯಂಬಕ ಅವನ ಕಡೆ ಕೈ ತೋರಿಸಿದ. "ನೋಡ್ರಿ, ನೋಡಿ ಕಲೀರಿ! ಇವ ಒಬ್ಬ ಶಾಣ್ಯಾ ಅದಾನ."

"ಹೌದ್ರಿ, ನಮ್ಮಾಗ ಮಲಗಸ್ತಾರ," ಎಂದ ಬಾಬಾಜಾನ. "ಬೋರಲ ಅಲ್ಲ ಮತ್ತ. ಬಲ ಮಗ್ಗಲಿಗೆ. ಮಾರಿ ಪಶ್ಚಿಮಕ್ಕ." ಎಂದವನೇ ಹೊರಳಿದ. ಪಶ್ಚಿಮದಲ್ಲಿ ಕ್ಯಾಮೆರಾ ಇತ್ತು. ಅವನ ಗಡ್ಡ, ಮೂಗು, ಹಣೆ ಎಲ್ಲ ಅದರೊಳಗೆ ನೇರ ಹೋಗಿ ಕೂತವು.

ತ್ರ್ಯಂಬಕ ಕ್ಯಾಮೆರಾವನ್ನು ಎತ್ತಿಸಿ ಪೂರ್ವಕ್ಕೆ ಓಡಿಸಿದ. ಕೂತ ಹೆಣಗಳು ಕುಂಡೆಯ ಮೇಲೆಯೇ ಗಿರಕ್ಕನೆ ಪೂರ್ವಕ್ಕೆ ತಿರುಗಿದವು. ದಕ್ಷಿಣಕ್ಕೆ ಓಡಿಸಿದ. ಹೆಣಗಳೂ ದಕ್ಷಿಣಕ್ಕೆ. ಬಾಬಾಜಾನ ಮಾತ್ರ ಅಲುಗಲಿಲ್ಲ, ಅವನದು ದಿಕ್ಕಿನ ಪ್ರಶ್ನೆ. ಕ್ಯಾಮೆರಾ ಹೊತ್ತವನು ಏದುಸಿರು ಬಿಟ್ಟು, "ಸರ್, ಇವ್ರು ಸತ್ತಿದ್ರೂ ನಮಗಿಂತ ಚುರುಕ ಅದಾರ್ರಿ," ಎಂದು ಕೂತೇಬಿಟ್ಟ.

"ಬ್ಯಾಡ! ಬಿಡ್ರಿ ಇವರನ್ನ!" ತ್ರ್ಯಂಬಕ ಈರಯ್ಯನ ಕಡೆ ತಿರುಗಿದ. "ನಿಮ್ಮ ಓಣಿಯವರನ್ನ ಮಲಗಸ್ರಿ. ಅವರ ಸಾಯ್ಲಿ."

ಕತ್ತಿ, ದೀವಟಿಗೆ ಹಿಡಿದ ಮೇಲೋಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಮ್ಮ ಮನ್ಯಾಗ ಮುಂದಿನ ವಾರ ಲಗ್ನ ಐತ್ರಿ," ಎಂದ ಒಬ್ಬ. "ಸತ್ತ್ರ ಸೂತಕಾ ಬರತೈತಿ."

"ನಂದು ಬೆನ್ನಿಗೆ ಬೆಲ್ಟ ಐತಿ. ಬಗ್ಗಾಕ ಬರಂಗಿಲ್ಲ."

"ಈ ಸೆಗಣ್ಯಾಗೇನ್ರಿ?" ಎಂದ ಮತ್ತೊಬ್ಬ, ಮೂಗು ಮುಚ್ಚಿ. "ಸಾಯೂದು ನಮ್ಮ ಕೆಲಸಲ್ಲ. ಅದು ಮೊದಲಿಂದ ಅವರದ."

"ಮೊದಲಿಂದ ನಮ್ಮದ ಅಂತ, ಕೇಳಿದ್ರಿಲ್ಲ?" ಎಂದಳು ಶಿವಲಿಂಗವ್ವ, ಕಣ್ಣು ಮುಚ್ಚಿಯೇ. "ಹಂಗಾರ ನಮ್ಮ ಕೆಲಸಾ ನಮಗ ಗೊತ್ತೈತಿ. ಹೆಂಗ ಸಾಯ್ಬೇಕು ನಾವ ಹೇಳ್ತೀವಿ."

ಬಿಸಿಲು ಹಳದಿಯಾಗಿತ್ತು. ಕುದುರೆ ಕೆನೆಯಿತು. ತ್ರ್ಯಂಬಕ ತಲೆ ಹಿಡಿದುಕೊಂಡ. ಬೆನ್ನಿನ ಮೇಲಿನ 'ಬಂಡಾಯ' ಬೆವರಿಗೆ ಅಂಟಿ ಮುದುಡಿತ್ತು.

"ನಿಖತ! ನೀ ಸಂಶೋಧನಾ ಮಾಡಾಕಿ ಅಲ್ಲ? ಹೋಗು, ಇಕೀನ ಹಿಡದು ಮಲಗಸು! ಇಲ್ಲಾಂದ್ರ ನಾಳಿಂದ ಬರಬ್ಯಾಡ."

ನಿಖತಳ ಹೆಜ್ಜೆ ಬಂದದ್ದು ಶಿವಲಿಂಗವ್ವನಿಗೆ ಕೇಳಿಸಿತು. ಕೊಡೆ ಮಡಚಿದ ಸದ್ದು. ಆ ಹುಡುಗಿ ಈಗಲೂ ಅತ್ತಿತ್ತ ನೋಡುತ್ತಿರಬೇಕು ಅಂದುಕೊಂಡಳು. ಹುಡುಗಿಗೆ ಇದೇ ಮೊದಲ ನೌಕರಿ. ಮಲಗಿಸಲು ಬಂದರೆ ಏನು ಮಾಡುವುದು? ಅವಳನ್ನು ಬಯ್ಯಲು ಮನಸ್ಸು ಬರುತ್ತಿರಲಿಲ್ಲ. ಭುಜ ಬಿಗಿ ಮಾಡಿಕೊಂಡು ಕಾದಳು.

ಭುಜದ ಮೇಲೆ ಕೈ ಬೀಳಲಿಲ್ಲ. ಹಣೆಗೆ ತಣ್ಣೀರು ಬಿತ್ತು.

ಪೆಂಡಾಲಿನ ಲೋಟದ ನೀರು. ಒದ್ದೆ ದುಪಟ್ಟಾದ ಚುಂಗಿನಿಂದ ನಿಖತ ಅವಳ ಹಣೆ ಒರೆಸಿದಳು. ಕೆನ್ನೆಯ ಸೆಗಣಿ, ಕುತ್ತಿಗೆಯ ಬೆಲ್ಲ, ಇರುವೆ ಎಲ್ಲ ಒರೆಸಿದಳು. ಮೂಗಿನ ಕೆಳಗೆ ಬೆರಳು ನಿಂತಿತು.

"ಮಾವಶಿ," ಎಂದಳು ಪಿಸುಗುಟ್ಟಿ, "ಬೆಳಗಿನ ಮೀಸಿ ಅರ್ಧ ಇನ್ನೂ ಉಳದೈತಿ."

"ಕೀಳ ಯವ್ವಾ. ಮೀಸಿ ಹಚಗೊಂಡ ನಾ ಯಾ ಮಾರೀಲೆ ಶಿವನ ಕಡೆ ಹೋಗ್ಲಿ?"

ಕಿತ್ತಳು. ಹೆಣದ ಕಣ್ಣಿಂದ ನೀರು ಬಂತು. ಅದು ಅಂಟಿನ ಉರಿಗೆ ಬಂದದ್ದೋ ಏನೋ.

ನಿಖತ ಎದ್ದು ನಿಂತು, ಬಹಳ ಎಚ್ಚರದಿಂದ ಪದ ಆರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಸರ್, ಹೆಣಾ ತಯಾರೈತ್ರಿ. ಬೆಳಕ ಹೊಂಟೈತಿ." ಹೇಳಿ ಅಲ್ಲಿಯೇ, ಶಿವಲಿಂಗವ್ವನ ಪಕ್ಕದಲ್ಲಿ, ಸೆಗಣಿ ನೋಡದೆ ಕೂತುಬಿಟ್ಟಳು.

ಸೂರ್ಯ ಗುಡ್ಡದ ಮೇಲೆ ಗೇಣು ಉಳಿದಿದ್ದ. ಬೇರೆ ದಾರಿ ಇರಲಿಲ್ಲ.

"ತಗೋರಿ! ಹಂಗ ತಗೋರಿ! ಮಯೂರ, ನಡಿ!"

ಮಯೂರ ಬಂದ. ಸಾಲು ಸಾಲು ಕೂತವರ ನಡುವೆ ಬಂದ. ಕಾಲಿಡಲು ಬೆನ್ನು ಇರಲಿಲ್ಲ. ಎದೆಯುಬ್ಬಿಸಿದ. ಇಷ್ಟು ಮುಖಗಳ ಮುಂದೆ ಸಿಕ್ಕಿಬಿದ್ದ ಕಳ್ಳನ ಹಾಗೆ ಕಂಡ. ಎದೆ ತಾನಾಗಿಯೇ ಇಳಿಯಿತು. ಕೂತ ಹೆಣದ ಮುಂದೆ ಜೋಡು ಮೆಟ್ಟಿ ನಿಲ್ಲುವುದು ಯಾವ ಮನೆಯಲ್ಲೂ ಇಲ್ಲ. ಅವನು ಮೆಲ್ಲಗೆ ಜೋಡು ಕಳಚಿ ಬದಿಗಿಟ್ಟ. ಆಕಾಶ ನೋಡಲು ಮರೆತ. "ಸರ್," ಎಂದ ಬಾಯಿ ಸಂದಿನಿಂದ, "ನಾ ಎಲ್ಲಿ ನೋಡ್ಲಿ?"

ಅಷ್ಟೊತ್ತಿಗೆ ಶಿವಲಿಂಗವ್ವ ಕಣ್ಣು ತೆರೆದಿದ್ದಳು. ಕ್ಯಾಮೆರಾದ ಗಾಜಿನೊಳಕ್ಕೆ ನೇರ ನೋಡುತ್ತಿದ್ದಳು.

"ಏ! ಕಣ್ಣ ಮುಚ್ಚ! ನೀ ಸತ್ತೀ!"

"ಸತ್ತೋರು ತಮ್ಮ ಕಣ್ಣ ತಾವ ಮುಚ್ಚಕೊಳ್ಳಂಗಿಲ್ರಿ ಸಾಹೇಬ್ರ," ಎಂದಳು. "ಬದುಕಿದ್ದೋರು ಬಂದು ಮುಚ್ಚಬೇಕು. ಬರ್ರಿ. ಮುಚ್ಚ ಬರ್ರಿ."

ತ್ರ್ಯಂಬಕ ಈರಯ್ಯನನ್ನು ನೋಡಿದ. ಈರಯ್ಯ ತನ್ನ ಓಣಿಯವರನ್ನು ನೋಡಿದ. ಓಣಿಯವರು ನೆಲ ನೋಡಿದರು. ಕಣ್ಣು ಮುಚ್ಚಬೇಕೆಂದರೆ ರೆಪ್ಪೆ ಮುಟ್ಟಬೇಕು. ರೆಪ್ಪೆ ಮುಟ್ಟಬೇಕೆಂದರೆ ಅವಳನ್ನು ಮುಟ್ಟಬೇಕು.

ನಿಖತ ಪಕ್ಕದಲ್ಲೇ ಇದ್ದಳು. ಕೈ ಎತ್ತಲಿಲ್ಲ.

ಕ್ಯಾಮೆರಾ ಓಡುತ್ತಲೇ ಇತ್ತು. ಶಿವಲಿಂಗವ್ವ ಕಾಯುತ್ತ ಕೂತಳು, ಕಣ್ಣು ತೆರೆದುಕೊಂಡು.